ಸಕ್ಕರೆ ಕಾಯಿಲೆ: ಮನೆಯ ಹೆಂಗಸರಿಗೂ ನಡೆಯಲು ಬಿಡಿ

“ಶುಗರ್ ಮಾತ್ರೆ ತಪ್ಪದೆ ತಗೊಳ್ತೀನಿ, ಆದ್ರೂ ಇಳೀತಾ ಇಲ್ಲ.” ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ಮನೆಗಳಲ್ಲಿ ಅಮ್ಮಿಯೋ ಖಾಲಾನೋ ಹೀಗೆ ಹೇಳುವುದನ್ನು ನೀವೂ ಕೇಳಿರುತ್ತೀರಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಊಟದ ನಂತರ ರಕ್ತಕ್ಕೆ ಸೇರಿದ ಸಕ್ಕರೆ ತಾನಾಗಿಯೇ ಸ್ನಾಯುವಿನ ಜೀವಕೋಶದೊಳಗೆ ಹೋಗದು. ಇನ್ಸುಲಿನ್ ಬಂದು ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಸುದ್ದಿ ಮುಟ್ಟಿಸಬೇಕು. ಆ ಸುದ್ದಿ ಒಳಗೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕೊನೆಗೆ ಗ್ಲುಟ್-4 ಎಂಬ ಪ್ರೋಟೀನು ಹೊರಮೈಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಟೈಪ್-2 ಕಾಯಿಲೆಯಲ್ಲಿ ಇನ್ಸುಲಿನ್ ಇದ್ದರೂ ಕೋಶಕ್ಕೆ ಅದರ ಮಾತು ಸರಿಯಾಗಿ ಕೇಳಿಸುವುದಿಲ್ಲ.

ಇಂತಹ ಸುದ್ದಿ ಸಾಗುವ ದಾರಿಗಳನ್ನು ಅರಿತದ್ದರಿಂದಲೇ ಹೊಸ ಔಷಧಗಳು ಬಂದಿವೆ. ಜೀವಕೋಶದ ಒಂದು ದೊಡ್ಡ ವರ್ಗದ ಗ್ರಾಹಕಗಳ ಕುರಿತ ಸಂಶೋಧನೆಗೆ 2012ರಲ್ಲಿ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ನೊಬೆಲ್ ಪಡೆದರು. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಕೆಲಸ ಮಾಡುವುದು ಆ ವರ್ಗದ ಗ್ರಾಹಕಗಳ ಮೂಲಕವೇ. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ. ಮದುವೆಗೆ ಮುಂಚೆ ತೆಳ್ಳಗಾಗಲು ಯಾರೋ ಹೇಳಿದರೆಂದು ಬೇಡ.

ಆದರೆ ವಿಜ್ಞಾನ ಹೇಳಿದ ಇನ್ನೊಂದು ಮಾತಿಗೆ ನಾವು ಕಿವಿಗೊಟ್ಟಿಲ್ಲ. ಸ್ನಾಯು ದುಡಿದಾಗ ಗ್ಲುಟ್-4 ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಬೇರೊಂದು ದಾರಿಯಿಂದ ಹೊರಮೈಗೆ ಬರುತ್ತದೆ. ಟೈಪ್-2 ಕಾಯಿಲೆ ಇರುವವರಲ್ಲೂ ಈ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ನಡೆದ ಮೇಲೂ ಕೆಲವು ಗಂಟೆಗಳ ಕಾಲ ಕೋಶ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಿದ್ದರೂ ನಡೆಯುವವರು ಯಾರು? ಫಜ್ರ್ ಮುಗಿಸಿ ಗಂಡಸರು ಒಂದು ಸುತ್ತು ಹಾಕಿ ಬರುತ್ತಾರೆ. ಹೆಂಗಸರ ವಿಷಯ ಬಂದರೆ “ಮನೆಗೆಲಸವೇ ಸಾಕಲ್ಲ” ಎನ್ನುತ್ತೇವೆ, ಇಲ್ಲವೇ “ಜನ ಏನಂತಾರೆ” ಎನ್ನುತ್ತೇವೆ. ಒಲೆಯ ಮುಂದೆ ನಿಂತಿರುವುದು ಬೇರೆ, ಬಿರುಸಾಗಿ ನಡೆಯುವುದು ಬೇರೆ. ಪರ್ದಾ ನಡಿಗೆಗೆ ಅಡ್ಡಿಯಲ್ಲ, ನಮ್ಮ ಮಾತೇ ಅಡ್ಡಿ. ಆ ಮಾತಿಗೆ ಹೆದರಿ ಕುಳಿತ ತಾಯಿಯ ಕಣ್ಣು, ಕಿಡ್ನಿ, ಕಾಲು ಹಾಳಾದರೆ ಜನ ಬಂದು ನೋಡಿಕೊಳ್ಳುತ್ತಾರೆಯೇ?

ಸಹೋದರರೇ, ದೇಹ ಅಲ್ಲಾಹನು ಕೊಟ್ಟ ಅಮಾನತ್. ಅಮ್ಮಿಯನ್ನೋ ಪತ್ನಿಯನ್ನೋ ಕರೆದುಕೊಂಡು ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆಯಿರಿ. ಜಮಾಅತ್‌ನ ಹಿರಿಯರು ಶಾಲಾ ಮೈದಾನವನ್ನು ಬೆಳಿಗ್ಗೆ ಒಂದು ಗಂಟೆ ಹೆಂಗಸರಿಗೆ ಬಿಟ್ಟುಕೊಡುವಂತೆ ಕೇಳಲಿ. ಸಹೋದರಿಯರೇ, ನೆರೆಮನೆಯವರನ್ನೂ ಜೊತೆಗೆ ಕರೆಯಿರಿ. ನಡಿಗೆ ಶುರುವಾಯಿತೆಂದು ಮಾತ್ರೆ ಬಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ನಡಿಗೆಗೂ ರಮಝಾನ್ ಉಪವಾಸಕ್ಕೂ ಮುಂಚೆ ವೈದ್ಯರನ್ನು ಕೇಳಿ.