ಆಂಟೆನಾ ನೆನಪಲ್ಲ, ಹಕ್ಕು

ದೂರದರ್ಶನದ ಬಗ್ಗೆ ಬರೆಯುವ ನಮ್ಮ ಪ್ರಬಂಧಗಳಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ: ಅಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಮಕ್ಕಳು ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. ಓದಿ ನಗುತ್ತೇವೆ. ಆ ಆಂಟೆನಾ ಯಾಕೆ ಹೋಯಿತು ಎಂದು ಮಾತ್ರ ಕೇಳುವುದಿಲ್ಲ.

ಅದು ಹಳತಾಯಿತು ಎಂಬುದು ಅರ್ಧ ಸತ್ಯ. ಹಳತಾದದ್ದು ಅನಲಾಗ್ ತಂತ್ರಜ್ಞಾನ, ಆಂಟೆನಾ ಅಲ್ಲ. ಅಮೆರಿಕ 2009ರಲ್ಲಿ, ಬ್ರಿಟನ್ 2012ರಲ್ಲಿ ಅನಲಾಗ್‌ನಿಂದ ಡಿಜಿಟಲ್ ಪ್ರಸಾರಕ್ಕೆ ಹೊರಳಿದವು. ಕೇಬಲ್ ಬಿಲ್ಲಿಗೆ ಬೇಸತ್ತ ಅಮೆರಿಕನ್ನರು ಇಂದು ಕಿಟಕಿಗೊಂದು ಸಣ್ಣ ಆಂಟೆನಾ ಅಂಟಿಸಿ ತಮ್ಮೂರಿನ ಚಾನೆಲ್‌ಗಳನ್ನು ಪುಕ್ಕಟೆಯಾಗಿ ನೋಡುತ್ತಾರೆ. ನಮ್ಮಲ್ಲೂ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ದೂರದರ್ಶನದ ಡಿಜಿಟಲ್ ಭೂಪ್ರಸಾರ ಶುರುವಾಯಿತು. ಅದು ಊರೂರಿಗೆ ಬರಲೇ ಇಲ್ಲ. ಹಳೆಯ ಅನಲಾಗ್ ಕೇಂದ್ರಗಳನ್ನು ಮಾತ್ರ, ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟು, 2022ರ ಹೊತ್ತಿಗೆ ಮುಚ್ಚುತ್ತ ಬಂದರು.

‘ಡಿಡಿ ಫ್ರೀ ಡಿಷ್ ಇದೆಯಲ್ಲ’ ಎನ್ನಬಹುದು. ಇದೆ. 2004ರಲ್ಲಿ ಆರಂಭವಾದ ಅದು ತಿಂಗಳ ಶುಲ್ಕವಿಲ್ಲದೆ ಬಡವರ ಮನೆಗೆ ಟಿವಿ ತಲುಪಿಸಿದೆ. ಅದನ್ನು ಹಗುರ ಮಾಡುವುದಿಲ್ಲ. ಆದರೆ ಆ ಬುಟ್ಟಿಗೆ ಕರ್ನಾಟಕದಿಂದ ಆಗ್ನೇಯ ದಿಕ್ಕಿನ ಆಕಾಶ ಕಾಣಲೇಬೇಕು. ಉತ್ತರಕ್ಕೊಂದೇ ಕಿಟಕಿಯಿರುವ ಬಾಡಿಗೆ ಕೋಣೆಯವನು, ಮಾಳಿಗೆಗೆ ಬೀಗ ಹಾಕುವ ಓನರ್ ಕೈಗೆ ಸಿಕ್ಕವನು ಏನು ಮಾಡಬೇಕು? ಇನ್ನೊಂದು ಮಾತು: ಉಪಗ್ರಹ ಇಡೀ ದೇಶಕ್ಕೆ ಒಂದೇ ಕಟ್ಟನ್ನು ಸುರಿಯುತ್ತದೆ. ಅದರಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಾಗುತ್ತದೆ. ಹಿಂದಿಯ ಜಾತ್ರೆಯಲ್ಲಿ ಕನ್ನಡ ಮೂಲೆ ಸೇರುತ್ತದೆ. ಊರಿನ ಗೋಪುರ ಹಾಗಲ್ಲ, ಅದು ಆ ಊರಿನ ಭಾಷೆಯಲ್ಲೇ ಮಾತಾಡಬಲ್ಲದು.

‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ’ ಎಂಬ ವಾದ ಇನ್ನೂ ಟೊಳ್ಳು. ಮೊಬೈಲಿಗೆ ರೀಚಾರ್ಜ್ ಬೇಕು. ಆ್ಯಪ್ ನಮ್ಮ ಹೆಸರು, ನಂಬರು ಕೇಳುತ್ತದೆ. ನಾವು ಏನು ನೋಡಿದೆವೆಂದು ಲೆಕ್ಕವಿಡುತ್ತದೆ. ಆಂಟೆನಾ ನೀನು ಯಾರೆಂದು ಕೇಳುವುದಿಲ್ಲ. ನೋಡುವವರು ನೂರಾದರೂ ಲಕ್ಷವಾದರೂ ಗೋಪುರದ ಖರ್ಚು ಒಂದೇ.

ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ನಮ್ಮದೇ ಸ್ವತ್ತಿನಲ್ಲಿ ನಮಗೆ ಒಂದು ಪಾಲು ಬಿಟ್ಟಿ ಸಿಗಬಾರದೇ?

ಕೇಳಬೇಕಾದದ್ದು ದೊಡ್ಡದೇನಲ್ಲ. ಜಿಲ್ಲೆಗೊಂದಾದರೂ ಡಿಜಿಟಲ್ ಭೂಪ್ರಸಾರ ಕೇಂದ್ರ ಬರಲಿ. ಅದರಲ್ಲಿ ಚಂದನ ಮೊದಲ ಸ್ಥಾನದಲ್ಲಿರಲಿ. ಮಾರಾಟವಾಗುವ ಪ್ರತಿ ಟಿವಿಯಲ್ಲೂ ಅದನ್ನು ಹಿಡಿಯುವ ಟ್ಯೂನರ್ ಕಡ್ಡಾಯವಾಗಲಿ. ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನ ಕೊಡುವ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮವನ್ನು ನೋಡಲು ಹಳ್ಳಿಯ ಹುಡುಗಿಯೊಬ್ಬಳು ಪ್ರತಿ ತಿಂಗಳು ಯಾರಿಗೋ ಕಂದಾಯ ಕಟ್ಟುವಂತಾಗಬಾರದು.

ಮಾಳಿಗೆಯ ಆಂಟೆನಾ ನೆನೆದು ಬರೆದದ್ದು ಸಾಕು. ಅದನ್ನು ವಾಪಸ್ ಕೇಳಿ ಒಂದು ಅರ್ಜಿ ಬರೆಯೋಣ.