ಅಳಿದವರನ್ನು ಕರೆತರುವ ಮುನ್ನ

ಕಾರ್ಕಳದಿಂದ ಮಣಿಪಾಲಕ್ಕೆ ಹೊರಟ ಬಸ್ಸಿನಲ್ಲಿ ಜೀವಶಾಸ್ತ್ರ ಓದುವ ತರುಣನೊಬ್ಬ ನನ್ನ ಪಕ್ಕದಲ್ಲಿ ಕುಳಿತಿದ್ದ. ಮಾತಿಗೆ ಮಾತು ಬೆಳೆದು, "ನಿಯಾಂಡರ್ತಾಲ್ ಮಾನವನನ್ನು ಮತ್ತೆ ಹುಟ್ಟಿಸಿದರೆ ತಪ್ಪೇನು ಸಾರ್? ವಿಜ್ಞಾನಕ್ಕೆ ಎಷ್ಟೊಂದು ಲಾಭ!" ಎಂದ. ಹಿರಿಯಡಕ ದಾಟಿದರೂ ನನಗೆ ಉತ್ತರ ಹೊಳೆಯಲಿಲ್ಲ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಇದು ಬರಿಯ ಹಗಲುಗನಸೆಂದು ತಳ್ಳಿಹಾಕುವಂತಿಲ್ಲ. ಸುಮಾರು 40 ಸಾವಿರ ವರ್ಷಗಳ ಹಿಂದೆ ಅಳಿದುಹೋದ ಈ ಜನರ ಜೀನೋಮಿನ ಕರಡನ್ನು ಸ್ವಾಂಟೆ ಪಾಬೊ ಅವರ ತಂಡ 2010ರಲ್ಲಿ ಮೂಳೆಯ ಚೂರುಗಳಿಂದ ಓದಿ ಪ್ರಕಟಿಸಿತು. 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ಹಾರ್ವರ್ಡಿನ ಜಾರ್ಜ್ ಚರ್ಚ್ 2012ರ ತಮ್ಮ ಪುಸ್ತಕದಲ್ಲಿ ಅವರನ್ನು ಮರಳಿ ಹುಟ್ಟಿಸುವ ಮಾತನ್ನೆತ್ತಿದರು. ಮರುವರ್ಷ ಗದ್ದಲವೆದ್ದಾಗ, ತಾನು ಅಂಥ ಮಗುವಿಗೆ ತಾಯಿಯನ್ನು ಹುಡುಕುತ್ತಿಲ್ಲವೆಂದು ಸ್ಪಷ್ಟನೆ ಕೊಟ್ಟರು.

ತಾಯಿಯ ಮಾತೇ ಮೊದಲು ಬರಬೇಕಾದದ್ದು. 1996ರಲ್ಲಿ ಡಾಲಿ ಎಂಬ ಕುರಿಮರಿ ಹುಟ್ಟಿದ್ದು 277 ಪ್ರಯತ್ನಗಳಲ್ಲಿ ಫಲಿಸಿದ ಒಂದರಿಂದ. ಸ್ಪೇನಿನಲ್ಲಿ ಅಳಿದ ಕಾಡುಮೇಕೆಯೊಂದನ್ನು 2003ರಲ್ಲಿ ಹೀಗೆಯೇ ಹುಟ್ಟಿಸಿದರು. ಶ್ವಾಸಕೋಶದ ದೋಷದಿಂದ ಆ ಮರಿ ಕೆಲವೇ ನಿಮಿಷಗಳಲ್ಲಿ ಸತ್ತಿತು. ಕುರಿಮೇಕೆಗಳ ಜಾಗದಲ್ಲಿ ಹೆಂಗಸರನ್ನಿಟ್ಟು ಲೆಕ್ಕ ಹಾಕಿರಿ. ಆ ಹೆಂಗಸರು ಯಾರ ಮನೆಯವರಾಗಿರುತ್ತಾರೆ? ಪ್ರೊಫೆಸರರ ಮನೆಯವರಂತೂ ಅಲ್ಲ. ಮನುಷ್ಯರ ತದ್ರೂಪು ಹುಟ್ಟಿಸುವುದನ್ನು ನಮ್ಮ 2017ರ ರಾಷ್ಟ್ರೀಯ ಮಾರ್ಗಸೂಚಿ ನಿಷೇಧಿಸಿದೆ, ನಿಜ. ಆದರೆ ನಿಯಾಂಡರ್ತಾಲನು ‘ಮನುಷ್ಯ’ನೇ ಅಲ್ಲವೆಂದು ವಾದಿಸಬಲ್ಲ ವಕೀಲರಿಗೆ ಈ ದೇಶದಲ್ಲಿ ಬರವೇ?

"ಹುಟ್ಟಿದ ಮೇಲೆ ಗೌರವದಿಂದ ಸಾಕೋಣ" ಎಂದೂ ತರುಣ ಹೇಳಿದ್ದ. ನನ್ನ ತಕರಾರೆಲ್ಲ ಈ ಮಾತಿನ ಮೇಲೆಯೇ. ಸಾಕುವವರು ನಾವಲ್ಲವೇ? ಕಾಂಗೋದಿಂದ ತಂದ ಓಟಾ ಬೆಂಗ ಎಂಬ ತರುಣನನ್ನು 1906ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಮಂಗಗಳ ಮನೆಯಲ್ಲಿ ಪ್ರದರ್ಶನಕ್ಕಿಟ್ಟರು. ಅದು ಅಮೆರಿಕದ ಪಾಪವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಜಿಲ್ಲೆಯ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದವರು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುತ್ತಿದ್ದವರು ಎಲ್ಲಿಂದಲೋ ಬಂದವರಲ್ಲ. ಅಜಲು ಎಂಬ ಆ ಪದ್ಧತಿಯನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಓದುಗರು ತಪ್ಪು ತಿಳಿಯಬಾರದು: ಕೊರಗರನ್ನು ನಾನು ಯಾರಿಗೂ ಹೋಲಿಸುತ್ತಿಲ್ಲ. ಅವರು ನನ್ನಷ್ಟೇ ಮನುಷ್ಯರು, ಈ ನೆಲದಲ್ಲಿ ನನಗಿಂತ ಹಳಬರು. ನಾನು ಅಳೆಯುತ್ತಿರುವುದು ನಮ್ಮನ್ನು. ಕಣ್ಣೆದುರಿನ ಮನುಷ್ಯನೂ ಮನುಷ್ಯನೇ ಎಂದು ಒಪ್ಪಲು ಕಾಯಿದೆ ಬೇಕಾದ ನಾವು, ಹುಬ್ಬಿನ ಮೂಳೆ ಮುಂಚಾಚಿದ, ತನ್ನವರೆಂಬ ಒಬ್ಬರೂ ಇಲ್ಲದ ಒಂಟಿ ಮಗುವನ್ನು ಹೇಗೆ ನಡೆಸಿಕೊಂಡೇವು? ಅದು ರಕ್ತ ಕೊಡಲು ಒಲ್ಲೆನೆಂದರೆ, ಪರೀಕ್ಷೆ ಸಾಕು, ಮನೆಗೆ ಹೋಗುತ್ತೇನೆಂದರೆ, ಯಾವ ಮನೆಗೆ ಕಳುಹಿಸುವುದು?

ಅವರ ವಿಷಯ ತಿಳಿಯಬಾರದೆಂದು ನಾನು ಹೇಳುವುದಿಲ್ಲ. ಮೂಳೆಯನ್ನು ಓದಲಿ. ನಮ್ಮ ಮೈಯಲ್ಲೇ ನೂರಕ್ಕೆ ಒಂದೆರಡು ಪಾಲು ಅವರದಿದೆ, ಅದನ್ನೂ ಓದಲಿ. ಅದಕ್ಕೆ ಯಾರನ್ನೂ ಹೆರಬೇಕಿಲ್ಲ.

ತರುಣ ಒಳ್ಳೆಯವನೇ. ಅಂದು ಅವನು ರೂಮು ಹುಡುಕಲು ಹೊರಟಿದ್ದ. ಕಾಪುವಿನಲ್ಲಿ ಒಂದು, ಉಡುಪಿಯಲ್ಲಿ ಎರಡು ಮನೆ ನೋಡಿ ಬಂದಿದ್ದನಂತೆ. ಮೂರು ಕಡೆಯೂ ಬಾಡಿಗೆಯ ಮಾತಿಗಿಂತ ಮೊದಲು "ನೀವು ಯಾವ ಜನ?" ಎಂದು ಕೇಳಿದರೆಂದು ಬೇಸರಪಟ್ಟುಕೊಂಡು, ಮಣಿಪಾಲದಲ್ಲಿ ಇಳಿದುಹೋದ.