ಹಂಪಿಯ ಯೋಜನೆಗಳಲ್ಲಿ ಊರಿಗೆ ಜಾಗವೆಲ್ಲಿ?

ಪ್ರವಾಸೋದ್ಯಮ ಯೋಜನೆ ಸೋತಾಗಲೆಲ್ಲ ಅನುದಾನ ಸಾಲಲಿಲ್ಲ, ಪ್ರಚಾರ ಸಾಲಲಿಲ್ಲ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಹಂಪಿಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರಿಗೆ ಹೆಸರಿನ ಕೊರತೆಯಿಲ್ಲ. ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು, ಮುಜರಾಯಿ, ಪ್ರವಾಸೋದ್ಯಮ ಇಲಾಖೆ, ಗ್ರಾಮ ಪಂಚಾಯಿತಿ ಎಂದು ಹೊಣೆ ಹೊತ್ತವರಿಗೂ ಕೊರತೆಯಿಲ್ಲ. ಆದರೂ ಹೊಳೆ ದಾಟಿ ಆನೆಗೊಂದಿಗೆ ಹೋಗುವ ಸೇತುವೆಯ ಗತಿ ನೋಡಿ. ಹರಿಗೋಲನ್ನೇ ನಂಬಿದ್ದ ಹಳ್ಳಿಗರಿಗೆ ಸೇತುವೆ ಬೇಕೇ ಬೇಕಿತ್ತು. ಆದರೆ ಸ್ಮಾರಕಗಳ ನಡುವೆ ಎದ್ದ ಆ ಕಾಮಗಾರಿಯೂ ಕಾರಣವಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. 2009ರ ಜನವರಿಯಲ್ಲಿ ಆ ಸೇತುವೆ ಮುಗಿಯುವ ಮೊದಲೇ ಕುಸಿದು ಕೂಲಿಕಾರರ ಜೀವ ತೆಗೆಯಿತು. ಹಳ್ಳಿಯ ಅಗತ್ಯ, ಸ್ಮಾರಕದ ಅಗತ್ಯ ಎರಡನ್ನೂ ಮೊದಲೇ ಒಟ್ಟಿಗೆ ತೂಗಿ ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಯೋಜನೆ ಬರೆಯುವವರು ಬರುವವರನ್ನು ಎಣಿಸುತ್ತಾರೆ, ಬಂದವರಿಗೆ ಅನ್ನ, ನೀರು, ಹಾಸಿಗೆ ಒದಗಿಸುವವರನ್ನು ಎಣಿಸುವುದಿಲ್ಲ. ಸೋಲಿನ ಬೇರು ಇಲ್ಲಿದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳು ನೆಲಸಮವಾದವು. ಕಡ್ಡಿರಾಂಪುರದಲ್ಲಿ ಬದಲಿ ನಿವೇಶನ ಕೈಸೇರುವ ಮೊದಲೇ ಕುಟುಂಬಗಳು ಬೀದಿಗೆ ಬಿದ್ದವು. ಬಜಾರಿನ ಪುರಾತನ ಮಂಟಪಗಳಿಗೆ ಗೋಡೆ ಕಟ್ಟಿ ಹೋಟೆಲು ನಡೆಸುವುದನ್ನು ಬಿಟ್ಟುಬಿಡಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಡಬೇಕಿರಲಿಲ್ಲ, ಆ ಮಂಟಪಗಳು ನಾಡಿನ ಆಸ್ತಿ. ಆದರೆ ಒತ್ತುವರಿ ಒಂದು ರಾತ್ರಿಯಲ್ಲಿ ಆದದ್ದಲ್ಲ. ದಶಕಗಳ ಕಾಲ ಸುಮ್ಮನಿದ್ದ ಆಡಳಿತ ಒಮ್ಮೆಲೇ ಜೆಸಿಬಿ ತಂದಾಗ ಕಟ್ಟಡ ಬಿತ್ತು, ವಸತಿಯ ಬೇಡಿಕೆ ಬೀಳಲಿಲ್ಲ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಆ ಬೇಡಿಕೆಯ ಮೇಲೆಯೇ ನಿಂತಿದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅವೂ ಉರುಳಿದವು. ಕಾನೂನಿನ ದೃಷ್ಟಿಯಿಂದ ಎರಡೂ ತೆರವು ಸರಿಯಿರಬಹುದು. ಆದರೆ ಊರವರು ಸಕ್ರಮವಾಗಿ ದುಡಿಯುವ ದಾರಿ ತೋರಿಸದ ತೆರವು ಮುಂದಿನ ಅಕ್ರಮಕ್ಕೆ ಜಾಗ ಮಾಡಿಕೊಡುತ್ತದೆ.

ಎಲ್ಲರ ಒಪ್ಪಿಗೆಗೆ ಕಾದರೆ ಯಾವ ಕೆಲಸವೂ ಸಾಗದು ಎಂದು ಅಧಿಕಾರಿಗಳು ಹೇಳುತ್ತಾರೆ. ಕಾಯದೆ ಹೊರಟ ಕೆಲಸಗಳು ಕೋರ್ಟಿನಲ್ಲಿ ಎಷ್ಟು ವರ್ಷ ಕೂತವು ಎಂಬುದನ್ನೂ ಅವರು ಲೆಕ್ಕ ಹಾಕಲಿ. ಪರಂಪರೆ ಪ್ರದೇಶದ ನಿರ್ವಹಣೆಗೆಂದೇ 2002ರ ಕಾಯ್ದೆಯಡಿ ಪ್ರಾಧಿಕಾರವಿದೆ. ಮುಂದಿನ ಮಾಸ್ಟರ್ ಪ್ಲಾನಿಗೆ ಸಹಿ ಬೀಳುವ ಮುನ್ನ ಆ ಪ್ರಾಧಿಕಾರ ಗ್ರಾಮಸಭೆಗೆ ಬರಲಿ. ಮೊದಲು ನಿವೇಶನ ಮತ್ತು ಪರವಾನಗಿ ಕೊಡಲಿ, ತೆರವು ಆಮೇಲೆ.